ಗೇರ್ ಅಂಗಡಿಯ ಅಕ್ಕ

ಮೊನ್ನೆ ನನ್ನ ಟೈಲರಿಂಗ್ ಅಂಗಡಿಯ ಮುಂದೆ ಮೆಕ್ಯಾನಿಕ್ ಒಬ್ಬ ನಿಂತು, ಹೊಸ ಗೇರೊಂದಕ್ಕೆ ಸುತ್ತಿದ್ದ ಕಾಗದ ಬಿಚ್ಚಿದ. ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮಳಿಗೆಯ ಅಕ್ಕ ನೆನಪಾದರು...

ಗಂಡ ತೀರಿಕೊಂಡ ಮೇಲೆ ಗೋವಿಂದರಾಜನಗರದ ಆ ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು ಅಕ್ಕನೇ ನಡೆಸುತ್ತಿದ್ದರು. ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಗಾಲಿಗಳೆರಡಕ್ಕೂ ಹಂಚುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಲಾರಿಗಳ ಆ ಪೆಟ್ಟಿಗೆಗೆ ಬೇಕಾದ ಗೇರು, ಶಾಫ್ಟುಗಳೇ ಅವರ ವ್ಯಾಪಾರ. ಕಲ್ಲುಕ್ವಾರಿಯವರು ಹುಡುಕಿಕೊಂಡು ಬರುತ್ತಿದ್ದರು. ಮಧ್ಯಾಹ್ನ ಅಕ್ಕ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ ತೊಳೆದು ನನ್ನಲ್ಲಿಗೆ ಊಟಕ್ಕೆ ಬರುತ್ತಿದ್ದರು. ಹೊಲಿಯಲು ಬಂದ ಬಟ್ಟೆಗೆ ಗ್ರೀಸು ತಾಗೀತೆಂದು ದೂರವೇ ಕೂರುತ್ತಿದ್ದರು.

ಅವರಿಗಿದ್ದವನು ಒಬ್ಬನೇ ತಮ್ಮ. ಮಲ್ಲತ್ತಹಳ್ಳಿಯಲ್ಲಿ ತಾಯಿಯ ಜೊತೆಗಿದ್ದು, ಹಳೆಯ ಲಾರಿಯೊಂದನ್ನು ಕ್ವಾರಿಗೆ ಓಡಿಸುತ್ತಿದ್ದ. ಒಂದು ದಿನ ಲಾರಿ ಕೆಟ್ಟು, ಶಾಫ್ಟ್ ಕೇಳಿಕೊಂಡು ಬಂದ. ಹೊಸದು ಬರುವುದು ತಡವಿತ್ತು. ಗುಜರಿಗೆಂದು ಮೂಲೆಗೆ ಎಸೆದಿದ್ದ ಹಳೆಯದನ್ನು ಎತ್ತಿಕೊಂಡ.

"ಅದು ಕ್ರ್ಯಾಕ್ ಬಿಟ್ಟಿದೆ ಕಣೋ, ಮುಟ್ಬೇಡ," ಅಂದರು ಅಕ್ಕ.

"ಹೊಸದು ಬರೋವರ್ಗೂ ತಾನೆ ಅಕ್ಕ? ನಿಲ್ಲಿಸ್ಕೊಂಡ್ರೆ ಕ್ವಾರಿಯವ್ರು ಬೇರೆ ಲಾರಿ ಕರೀತಾರೆ."

"ಕರೀಲಿ ಬಿಡು. ಏರಲ್ಲಿ ಮುರಿದ್ರೆ ಹ್ಯಾಂಡ್‌ಬ್ರೇಕೂ ಹಿಡಿಯಲ್ಲ, ಅದಿರೋದೂ ಈ ಶಾಫ್ಟ್ ಮೇಲೇ."

ಗೊಣಗುತ್ತಾ ಕೆಳಗಿಟ್ಟ. ಅಕ್ಕ ಊಟ ಮುಗಿಸಿ ಹೋಗುವಷ್ಟರಲ್ಲಿ ಶಾಫ್ಟೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಫೋನ್ ಮಾಡಿದರೆ, "ಹಾಕಲ್ಲ ಅಕ್ಕ, ವಾಪಸ್ ತರ್ತೀನಿ," ಅಂದ. ಅಕ್ಕ ನಂಬಿದರು.

ಕ್ವಾರಿಯ ಏರಿನಲ್ಲಿ ಶಾಫ್ಟ್ ಮುರಿಯಿತು. ಕಲ್ಲು ತುಂಬಿದ್ದ ಲಾರಿ ಹಿಂದಕ್ಕೆ ಉರುಳಿತು. ಗಾಲಿಗೆ ಅಡ್ಡ ಕೊಡಲು ಇಳಿದ ಕ್ಲೀನರ್ ಅದರಡಿ ಸಿಕ್ಕಿ ಸತ್ತ. ಲಾರಿ ಸರಿಯಾಗೇ ಇತ್ತು, ಓಡಿಸುತ್ತಿದ್ದವನೇ ಕ್ಲೀನರ್, ಹೆದರಿ ಕೆಳಗೆ ಹಾರಿದ, ತಪ್ಪು ಅವನದೇ ಎಂದು ತಮ್ಮ ಪೊಲೀಸರಿಗೆ ಹೇಳಿದ.

ತಾಯಿ ಅಂಗಡಿಗೆ ಬಂದು ಕೈ ಮುಗಿದರು. "ಸತ್ತೋನು ಸತ್ತ. ಶಾಫ್ಟಿನ ಮಾತೆತ್ಬೇಡ, ಇರೋನ್ನ ಉಳಿಸ್ಕೊಡವ್ವಾ."

ಮರುದಿನ ಅಕ್ಕ ನನ್ನನ್ನು ಕರೆದುಕೊಂಡು ಠಾಣೆಗೆ ಹೋದರು. "ಆ ಶಾಫ್ಟ್ ನಮ್ಮಂಗ್ಡೀದು ಸಾರ್. ಕ್ರ್ಯಾಕ್ ಬಿಟ್ಟಿದೆ ಅಂತ ನನ್ ತಮ್ಮಂಗೆ ಗೊತ್ತಿತ್ತು. ಅವ್ನು ತಗೊಂಡೋಗಿದ್ದು ನಂಗೂ ಗೊತ್ತಿತ್ತು," ಅಂದರು. ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿ ಹೊರಗೆ ಬಂದರು.

ತಮ್ಮ ಜೈಲಿಗೆ ಹೋದ. ತಾಯಿ ಮತ್ತೆಂದೂ ಮಗಳಿಗೆ ಬಾಗಿಲು ತೆರೆಯಲಿಲ್ಲ. ಕ್ಲೀನರನ ಹೆಂಡತಿಯ ಬಾಡಿಗೆ ಮನೆಗೂ ಅಕ್ಕ ಹೋದರು. ಆಕೆ ಬಯ್ಯಲಿಲ್ಲ, ಅಳಲೂ ಇಲ್ಲ. "ಆವತ್ತೇ ಕ್ವಾರಿಗೊಂದು ಫೋನ್ ಮಾಡಿದ್ರೆ ನಮ್ಮವರು ಇರ್ತಿದ್ರಲ್ಲಕ್ಕ?" ಎಂದಳು. ಆ ಮಾತು ಅಕ್ಕನನ್ನು ಬಿಡಲೇ ಇಲ್ಲ. ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದರು.

ತಾಯಿ ಸತ್ತಾಗ ನೆಂಟರು ಅಕ್ಕನಿಗೆ ಮುಖ ನೋಡಲೂ ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಅಕ್ಕನೂ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. "ಬಂದ್ನಾ?" ಎಂದು ಬಾಗಿಲ ಕಡೆ ನೋಡುತ್ತಿದ್ದರು. ಆಗಲೇ ಬಿಡುಗಡೆಯಾಗಿದ್ದ ತಮ್ಮನಿಗೆ ನಾನೇ ಫೋನ್ ಮಾಡಿದೆ. "ನಂಗೆ ಅಕ್ಕ ಇಲ್ಲ," ಎಂದು ಇಟ್ಟುಬಿಟ್ಟ. ಸುಮನಹಳ್ಳಿಯ ಚಿತಾಗಾರದಲ್ಲಿ ಅಕ್ಕನ ಬಾಯಿಗೆ ಅಕ್ಕಿ ಹಾಕಿದವರು ನಾವು, ಅಕ್ಕಪಕ್ಕದ ಅಂಗಡಿಯವರು.

ಆ ಮಳಿಗೆಯಲ್ಲೀಗ ಮೊಬೈಲ್ ಮಾರುತ್ತಾರೆ. ಕಳೆದ ತಿಂಗಳು ತಮ್ಮ ಅದರ ಮುಂದೆ ನಿಂತಿದ್ದ. ತಲೆ ನೆರೆತಿತ್ತು. ನನ್ನನ್ನು ಕಂಡು ಹತ್ತಿರ ಬಂದು, "ಕೊನೇಲಿ ಏನಾದ್ರೂ ಅಂದ್ಳಾ?" ಎಂದು ಕೇಳಿದ.

"ನಿನ್ನನ್ನೇ ಕೇಳ್ತಿದ್ರು," ಅಂದೆ.

"ನಾನು ಬರ್ಬೇಕಿತ್ತು," ಎಂದ. ಆ ಮಾತು ಕೇಳಬೇಕಾದವರು ಇರಲಿಲ್ಲ.