ಗಾಜಿನ ಮೇಲಿನ ಹೆಸರು

ಬಿಸಿಯಾದ ಬಲ್ಬಿನ ಮೇಲೆ ಕೂತ ಧೂಳು ಸುಡುವ ವಾಸನೆ ನಿಮಗೂ ಗೊತ್ತಿರಬಹುದು. ಮೊನ್ನೆ ಭಾನುವಾರ ಜಯಲಕ್ಷ್ಮಿಪುರಂನ ನಮ್ಮ ಮನೆಯ ನಡುಮನೆಯಲ್ಲಿ ಆ ವಾಸನೆ ಎದ್ದಿತು. ನನ್ನ ಹೆಂಡತಿಯ ತಮ್ಮ ಶೀನು ತನ್ನ ಕಾಲೇಜಿನಿಂದ ಸ್ಲೈಡ್ ಪ್ರೊಜೆಕ್ಟರ್ ತಂದಿದ್ದ. ಅವನು ಭೌತಶಾಸ್ತ್ರ ಹೇಳಿಕೊಡುವವನು, ನಾನು ಇತಿಹಾಸ ಓದಿದವನು. ಗೋಡೆಗೆ ಕಟ್ಟಿದ ಪಂಚೆಯ ಮೇಲೆ ಬೆಳಕು ಮೊರದ ಹಾಗೆ, ಮೇಲೆ ಅಗಲ ಕೆಳಗೆ ಕಿರಿದಾಗಿ ಬಿತ್ತು.

"ಇದು ಮೂತಿ ಎತ್ಕೊಂಡಿದೆ ಬಾವ, ಅದಕ್ಕೇ ಹಂಗೆ. ಪರದೆಗೆ ನೇರವಾಗಿರ್ಬೇಕು," ಎಂದು ಅದನ್ನು ನನ್ನ ದಪ್ಪ ಪುಸ್ತಕಗಳ ಮೇಲೆ ಎತ್ತಿಟ್ಟು ಸಮಮಾಡಿದ. ಅಂತೂ ಅವು ಉಪಯೋಗಕ್ಕೆ ಬಂದವು.

ಚಿತ್ರವನ್ನು ತಲೆಕೆಳಗಾಗಿ ಇಡುವುದೇಕೆಂದು ಕೇಳಿದೆ.

"ಲೆನ್ಸು ಎಲ್ಲಾನೂ ತಿರುಗಿಸುತ್ತೆ. ನಾವು ಮೊದಲೇ ತಿರುಗಿಸಿ ಕೊಟ್ರೆ ಅಲ್ಲಿ ನೆಟ್ಟಗಾಗುತ್ತೆ. ತಾಳಿ, ಇನ್ನೂ ಫೋಕಸ್ ಆಗಿಲ್ಲ."

ಪಂಚೆಯ ಮೇಲೆ ಬರೀ ಮಸುಕು. ಆ ಮಸುಕನ್ನು ನಾನು ತಾಳಲಾರೆ. ಕಾರಣ ಹೇಳುತ್ತೇನೆ, ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ.

ಆಗ ಟಾಕೀಸುಗಳಲ್ಲಿ ಒಂದು ಅನುಕೂಲವಿತ್ತು. ಮನೆಯಲ್ಲಿ ಏನಾದರೂ ತುರ್ತಾದರೆ ಯಾರಾದರೂ ಹೋಗಿ ಹೇಳಿದರೆ ಸಾಕು, ಗಾಜಿನ ತುಂಡಿನ ಮೇಲೆ ಹೆಸರು ಬರೆದು, 'ಕೂಡಲೇ ಮನೆಗೆ ಬರಬೇಕು' ಎಂದು ಪರದೆಯ ಮೇಲೆ ತೋರಿಸುತ್ತಿದ್ದರು. ಅದಕ್ಕೇ ಸಿನಿಮಾಕ್ಕೆ ಹೊರಟವರು ಟಾಕೀಸಿನ ಹೆಸರು ಹೇಳಿ ಹೋಗುವುದು ವಾಡಿಕೆ. ಹತ್ತು ವರ್ಷದ ಹಿಂದೆ, ನಮ್ಮ ಪುಟ್ಟ ವಿಮಲೆಗೆ ಜ್ವರ ಆಗತಾನೆ ಇಳಿದಿದ್ದ ದಿನ, ನನ್ನ ಹೆಂಡತಿ ಸರೋಜಾ ತಾನೇ ನನ್ನನ್ನು ಮಧ್ಯಾಹ್ನದ ಆಟಕ್ಕೆ ಅಟ್ಟಿದಳು.

"ಹಣೆ ಮುಟ್ಟಿ ಮುಟ್ಟಿ ಮಗೂನ ಎಬ್ಬಿಸ್ತೀರಿ. ಹೋಗ್ಬನ್ನಿ. ಹೆಚ್ಚುಕಮ್ಮಿ ಆದ್ರೆ ಸ್ಲೈಡ್ ಹಾಕಿಸ್ತೀನಿ."

ಹೇಳಿ ಬಂದ ಟಾಕೀಸಿನಲ್ಲಿ ಹೌಸ್‌ಫುಲ್ ಬೋರ್ಡು. ಹಾಗೇ ಹಿಂದಿರುಗಿದರೆ ನಗುತ್ತಾಳೆಂದು ಪಕ್ಕದ ಬೀದಿಯ ಇನ್ನೊಂದಕ್ಕೆ ನುಗ್ಗಿದೆ. ಆಟ ನಡೆಯುತ್ತಿರುವಾಗಲೇ ಚಿತ್ರದ ಮೇಲೊಂದು ಮಸುಕು ಸ್ಲೈಡ್ ಮೂಡಿತು. ಅಕ್ಷರ ಕಾಣುವ ಮೊದಲೇ ಅಲ್ಲಲ್ಲಿ ಕೆಲವರು ಎದ್ದು ನಿಂತಿದ್ದರು, ನಾನೂ ಒಬ್ಬ.

"ಫೋಕಸ್ ಮಾಡಯ್ಯ, ಪಾಪ ನಿಂತವ್ರೆ," ಎಂದರು ಮುಂದಿನ ಬೆಂಚಿನವರು.

ಹೆಸರು ತಿಳಿಯಾಯಿತು. ಒಬ್ಬ ಓಡಿದ, ಉಳಿದವರು ಕೂತರು. ನನಗೆ ಕೂರಲಾಗಲಿಲ್ಲ. ನನ್ನ ಹೆಸರು ಇಲ್ಲಿ ಬರುವಂತೆಯೇ ಇರಲಿಲ್ಲವಲ್ಲ. ಬಂದರೆ ಆ ಇನ್ನೊಂದು ಪರದೆಯ ಮೇಲೆ, ನಾನಿಲ್ಲದ ಕಡೆ.

ಓಡಿಹೋಗಿ, ಸ್ಲೈಡ್ ಏನಾದರೂ ಹಾಕಿದ್ದರೇ ಎಂದು ಅಲ್ಲಿನ ಗೇಟಿನವನನ್ನು ಕೇಳಿದೆ.

"ಆಕಿದ್ವಿ ಸ್ವಾಮಿ, ಬಾಳೊತ್ತು ಆಕಿದ್ವಿ. ಯಾರೂ ಏಳ್ಲೇ ಇಲ್ಲ."

"ಯಾರ ಹೆಸರು?"

"ನಂಗೆ ಓದಕ್ ಬರಲ್ಲ. ಮೇಲಕ್ಕೋಗಿ ಕೇಳಿ."

ಮೇಲೆ ಆಪರೇಟರ್ ಗಾಜನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದ. "ಬರೆಯೋರು ಮ್ಯಾನೇಜರು ಸಾರ್, ಈಗಷ್ಟೇ ಮನೆಗೋದ್ರು. ನಾನು ತಲೆಕೆಳಗೆ ತುರುಕೋನು, ಹೆಸರು ಎಲ್ಲಿ ನೋಡ್ಲಿ?"

ಸೈಕಲ್ ತುಳಿದದ್ದು ನೆನಪಿದೆ, ದಾರಿ ನೆನಪಿಲ್ಲ. ಮನೆಯಲ್ಲಿ ಸರೋಜಾ ಅವರೆಕಾಳು ಹಿಸುಕುತ್ತಿದ್ದಳು. ವಿಮಲೆ ಸಿಪ್ಪೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ನಾನು ಏದುಸಿರಿನಲ್ಲೇ ನಡೆದದ್ದೆಲ್ಲ ಹೇಳಿದೆ.

"ನಾನ್ಯಾಕೆ ಸ್ಲೈಡ್ ಹಾಕಿಸ್ಲಿ? ಕರೆಯೋಕೆ ಮುಂಚೆ ನೀವೇ ಬಂದ್ಬುಟ್ರಲ್ಲ," ಎಂದು ನಕ್ಕಳು. ಆಮೇಲೆ ಅವಳ ಕೈ ನಿಂತಿತು. "ಹಂಗಾದ್ರೆ ಅದು ಯಾರ್ದು?"

ವರ್ಷಗಳಾದ ಮೇಲೆ ನನಗೇ ಅನುಮಾನ ಬಂತು. ಗೇಟಿನವನು, ಒರೆಸಿದ ಗಾಜು, ಇವೆಲ್ಲ ನನ್ನ ಹೆದರಿಕೆ ಆಮೇಲೆ ಕಟ್ಟಿಕೊಂಡದ್ದೇ? ಹಾಗೆಂದುಕೊಂಡರೆ ಮನಸ್ಸಿಗೆ ಹಗುರವಾಗುತ್ತಿತ್ತು.

"ಈಗ ನೋಡಿ ಬಾವ," ಎಂದ ಶೀನು. ಪಂಚೆಯ ಮೇಲೆ ವಿಮಲೆಯ ಮುಖ, ಎಣ್ಣೆ ಹಾಕಿ ಬಾಚಿದ ಕೂದಲು ಎಳೆ ಎಳೆಯಾಗಿ ಕಾಣುವಷ್ಟು ಸ್ಪಷ್ಟ.

"ಕೂತ್ಕೊಳಿ ಅಪ್ಪ, ನಿಮ್ಮ ನೆರಳು ಬೀಳ್ತಿದೆ," ಎಂದಳು ಬೆಳೆದ ವಿಮಲೆ ಹಿಂದಿನಿಂದ. ನಾನು ಎದ್ದು ನಿಂತಿರುವುದು ಆಗ ಗೊತ್ತಾಯಿತು.

ಸರೋಜಾಳ ಪಕ್ಕದಲ್ಲಿ ಕೂತೆ. ಕತ್ತಲಲ್ಲಿ ಅವಳು ಮೆಲ್ಲಗೆ, ನಾನೇನೂ ಕೇಳದೆಯೇ, ಅಂದಳು: "ಅವತ್ತು ಸ್ಲೈಡ್ ಹಾಕಿದ್ರೂ ಯಾರೂ ಏಳ್ಲಿಲ್ಲ ಅಂದ್ರಲ್ಲ, ಅವ್ರು ಯಾರು ಅಂತ ಗೊತ್ತಾಗ್ಲೇ ಇಲ್ಲ ಅಲ್ವಾ?"

ಹಾಗಾದರೆ ಅದನ್ನು ಅವತ್ತೇ ಅವಳಿಗೆ ಹೇಳಿದ್ದೆ, ನಾನು ಆಮೇಲೆ ಕಟ್ಟಿಕೊಂಡದ್ದಲ್ಲ. ಆ ಹೆಸರಿನವರು ಇದ್ದದ್ದು ನಿಜ.