ಷವರ್ ಗೋಡೆಯ ಕೂದಲು

ಪರ್ತ್ ನಗರದ ಥಾರ್ನ್ಲಿ ಬಡಾವಣೆಯ ಮನೆಯಲ್ಲಿ ನನ್ನ ಚಿಕ್ಕಮ್ಮ ಮಧ್ಯಾಹ್ನದ ಊಟ ಮುಗಿಸಿ, ಸೋಫಾದ ಮೇಲೆ ಕಾಲು ಮಡಚಿ ಕೂತು ತಪ್ಪದೆ ನೋಡುತ್ತಿದ್ದ ಧಾರಾವಾಹಿಯೊಂದಿತ್ತು. ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿ. ಯಾವುದರಲ್ಲೂ ಒಬ್ಬರಿಗೊಬ್ಬರು ಹೊಂದದ ಹೆಂಗಸರು ಲಂಡನ್ನಿನ ಒಂದೇ ಫ್ಲಾಟಿನಲ್ಲಿ ಇರುತ್ತಾರೆ, ಕಿತ್ತಾಡುತ್ತಾರೆ, ಕಣ್ಣಿಗೆ ಕಾಣದ ಜನ ಗೊಳ್ಳೆಂದು ನಗುತ್ತಾರೆ. ಮೈಸೂರಿನಿಂದ ಪರ್ತ್‌ಗೆ ಬಂದಿಳಿದ ವಾರ ನಾನೂ ಚಿಕ್ಕಮ್ಮನ ಪಕ್ಕ ಕೂತು ನೋಡಿದೆ. ಆ ಹೆಂಗಸರಲ್ಲೊಬ್ಬಳು ಫ್ರಿಜ್ ತೆಗೆದು, ಹಾಲಿನ ಬಾಟಲಿಯನ್ನು ಬಾಯಿಗೆ ಕಚ್ಚಿಕೊಂಡು ಗಟಗಟ ಕುಡಿದು, ಮುಚ್ಚಳ ತಿರುಗಿಸಿ ಮತ್ತೆ ಅಲ್ಲೇ ಇಟ್ಟಳು. ಜನ ನಕ್ಕರು. ಚಿಕ್ಕಮ್ಮನೂ ನಕ್ಕಳು.

"ಥೂ, ಎಂಜಲು!" ಎಂದೆ.

"ಸೀರಿಯಲ್ ಕಣೇ ಅದು. ನೀನೇನು ಆ ಹಾಲು ಕುಡೀಬೇಕಾ?"

"ಮಿಕ್ಕವರು ಕುಡೀತಾರಲ್ಲ ಚಿಕ್ಕಮ್ಮ. ಪಾಪ, ಅವರಿಗೆ ಗೊತ್ತೇ ಇಲ್ಲ."

"ಬ್ರಿಸ್ಬೇನ್‌ಗೆ ಓದೋಕೆ ಹೋಗ್ತಿದೀಯಲ್ಲ, ನಿಂಗೂ ಇಂಥದೇ ಒಂದು ಫ್ಲಾಟ್ ಸಿಗತ್ತೆ. ಆಗ ನೋಡ್ತೀನಿ ನಿನ್ನ ಮಡೀನ."

ಹೈಸ್ಕೂಲಿನಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ವಾರ, ಹವೆ, ಆ ದಿನ ಆದದ್ದು, ಆಗದೆ ಉಳಿದದ್ದು. ಆವತ್ತಿನ ಪುಟದಲ್ಲಿ ಹಾಲಿನ ಬಾಟಲಿಯೂ ಇದೆ. ಅದರಲ್ಲಿ ನಗುವಂಥದ್ದೇನಿತ್ತು ಎಂದು ಕೆಳಗೆ ಬರೆದಿದ್ದೇನೆ.

ಚಿಕ್ಕಮ್ಮನ ಮಾತು ನಿಜವಾಯಿತು. ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ವಿಶ್ವವಿದ್ಯಾಲಯಕ್ಕೆ ಹತ್ತಿರವಾಗಲೆಂದು ನಾನು ಹಿಡಿದ ಫ್ಲಾಟಿಗೆ ಇನ್ನಿಬ್ಬರು ಬಂದು ಸೇರಿದರು. ಮೂವರಿಗೂ ಒಂದಲ್ಲ ಒಂದು ಬಗೆಯ ಕನ್ನಡ ಗೊತ್ತಿದ್ದರಿಂದ ಹೊಂದಿಕೊಂಡು ಹೋಗಬಹುದು ಎಂದುಕೊಂಡಿದ್ದೆ. ಒಬ್ಬಳು ಮಂಗಳೂರಿನ ಕೆಥೊಲಿಕ್ ಹುಡುಗಿ, ಕುವೈತಿನಲ್ಲಿ ಬೆಳೆದವಳು, ಆಸ್ಪತ್ರೆಯಲ್ಲಿ ನರ್ಸ್. ಇನ್ನೊಬ್ಬಳು ಇಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ಇದೇ ಊರಿನ ಫಾರೆಸ್ಟ್ ಲೇಕ್‌ನಲ್ಲಿ ಕೆರೆಗೆ ಎದುರಾಗಿರುವ ಮನೆಯಲ್ಲಿದ್ದರು. ಇವಳು ಸ್ವತಂತ್ರವಾಗಿ ಬಾಳಬೇಕೆಂದು ಇಲ್ಲಿಗೆ ಬಂದಿದ್ದಳು, ಕೊಳೆ ಬಟ್ಟೆಯನ್ನು ಮಾತ್ರ ಪ್ರತಿ ಭಾನುವಾರ ಅಮ್ಮನ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಈ ತಂಗಿಗೆ ಒಂದು ಪದ್ಧತಿಯಿತ್ತು. ತಲೆಗೆ ಸ್ನಾನ ಮಾಡುವಾಗ ಕೈಗೆ ಬಂದ ಕೂದಲನ್ನು ಮೋರಿಗೆ ಬಿಡದೆ ಷವರಿನ ಗೋಡೆಗೆ ಅಂಟಿಸುತ್ತಿದ್ದಳು. ಮೋರಿ ಕಟ್ಟಿಕೊಳ್ಳಬಾರದು ಎನ್ನುವ ಕಾಳಜಿ. ಆಮೇಲೆ ತೆಗೆದು ಕಸಕ್ಕೆ ಹಾಕುವ ಯೋಚನೆಯೂ ಇತ್ತಂತೆ, ಆದರೆ ಆ ಆಮೇಲೆ ಬರುತ್ತಿರಲಿಲ್ಲ. ಬೆಳಿಗ್ಗೆ ನಾನು ಕಣ್ಣುಜ್ಜಿಕೊಂಡು ಷವರಿಗೆ ಹೋದರೆ ಬಿಳಿ ಟೈಲ್ಸಿನ ಮೇಲೆ ಸುರುಳಿ ಸುರುಳಿಯಾಗಿ, ಯಾವುದೋ ಕಾಲಿಲ್ಲದ ಪ್ರಾಣಿಯ ಹಾಗೆ, ಸೋಪಿನ ನೊರೆ ಒಣಗಿದ ಕೂದಲು ಅಂಟಿಕೊಂಡಿರುತ್ತಿತ್ತು. ಮೈಗೆ ತಾಗಬಾರದೆಂದು ಉಸಿರು ಬಿಗಿಹಿಡಿದು ನಡುವೆ ನಿಂತು ಸ್ನಾನ ಮುಗಿಸುತ್ತಿದ್ದೆ. ಒಮ್ಮೆ ನೀರಿನ ರಭಸಕ್ಕೆ ಒಂದು ಸುರುಳಿ ಜಾರಿ ನನ್ನ ಪಾದದ ಮೇಲೆ ಬಿತ್ತು. ಆ ದಿನ ತಿಂಡಿ ಸೇರಲಿಲ್ಲ.

ನರ್ಸಿನದು ಬೇರೆ ತರಹ. ಆಸ್ಪತ್ರೆಯಲ್ಲಿ ದಿನವಿಡೀ ಕೈ ತೊಳೆಯುವವಳು ಮನೆಗೆ ಬಂದರೆ ಅಡುಗೆಮನೆಯ ಸಿಂಕಿನಲ್ಲೇ ಯೂನಿಫಾರ್ಮ್ ನೆನೆಹಾಕುತ್ತಿದ್ದಳು. ಅದರ ಪಕ್ಕದಲ್ಲೇ ನನ್ನ ಕಾಫಿ ಲೋಟ. ಸಾರಿಗೆ ಉಪ್ಪು ನೋಡಲು ಸೌಟನ್ನು ನೇರ ಬಾಯಿಗಿಟ್ಟು, ನೆಕ್ಕಿ, ಅದೇ ಸೌಟಿನಲ್ಲಿ ಮತ್ತೆ ತಿರುವುತ್ತಿದ್ದಳು.

"ಎಂಜಲಾಗತ್ತೆ," ಎಂದೆ ಒಂದು ಸಲ.

"ಕುದಿಯುತ್ತಾ ಉಂಟಲ್ಲ ಮಾರಾಯ್ತಿ! ಕುದಿಯುವುದರಲ್ಲಿ ಎಂತ ಎಂಜಲು? ನಾನು ನರ್ಸ್, ನಂಗೆ ಹೇಳ್ತೀಯಾ ನೀನು?"

ಕುದಿಯುವುದು ನಿಂತ ಮೇಲೂ ನೆಕ್ಕಿದ್ದನ್ನು ನಾನು ನೋಡಿದ್ದೆ. ದಿನಚರಿಯ ಅಂಚಿನಲ್ಲಿ ಸೌಟಿಗೊಂದು ಗೆರೆ, ಗೋಡೆಯ ಕೂದಲಿಗೊಂದು ಗೆರೆ ಎಳೆಯುತ್ತಾ ಬಂದೆ. ಇಬ್ಬರಿಗೂ ತೋರಿಸಲೆಂದಲ್ಲ. ಗೆರೆ ಎಳೆದರೆ ಅಸಹ್ಯ ಸ್ವಲ್ಪ ಕಡಿಮೆಯಾಗುತ್ತಿತ್ತು.

ಇದೆಲ್ಲದರ ನಡುವೆ ಚಿಕ್ಕಮ್ಮನ ಆ ಧಾರಾವಾಹಿ ನಮ್ಮ ಫ್ಲಾಟಿಗೂ ಬಂತು. ನಾನೇ ಮಾತಿಗೆ ಹೇಳಿದ್ದು, ತಂಗಿ ಹುಡುಕಿ ಹಾಕಿದಳು. ಆಮೇಲೆ ಬಿಡುವಿರುವ ಸಂಜೆ ಇಬ್ಬರಿಗೂ ಅದೇ ಆಯಿತು. ನರ್ಸ್ ಸೋಫಾದ ತುದಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಾ ನೋಡುತ್ತಿದ್ದಳು. ಉಗುರು ಟಪ್ ಎಂದು ಎಗರಿ ಎಲ್ಲೋ ಬೀಳುತ್ತಿತ್ತು. ಎಲ್ಲಿ ಬಿತ್ತೆಂದು ನೋಡುವವಳು ನಾನೊಬ್ಬಳೇ. ಆ ಧಾರಾವಾಹಿಯಲ್ಲಿ ಎಲ್ಲರ ಹಿಂದೆ ಬಟ್ಟೆ ಹಿಡಿದು ಒರೆಸುತ್ತಾ ತಿರುಗುವ ಒಬ್ಬ ಹೆಂಗಸಿದ್ದಾಳೆ. ಅವಳು ಬಂದ ಕೂಡಲೇ ಇಬ್ಬರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿದ್ದರು.

"ಅಕ್ಕಾ, ದಟ್ಸ್ ಯು! ಲಿಟರಲಿ ಯು!"

"ಅವಳಿಗೆ ಸ್ವಲ್ಪ ನಗು ಬರ್ತದೆ ಆದ್ರೆ," ಎನ್ನುತ್ತಿದ್ದಳು ನರ್ಸ್.

ಓದು ಮುಗಿದು ಅಡಿಲೇಡಿನಲ್ಲಿ ಕೆಲಸ ಸಿಕ್ಕಾಗ ನನಗೆ ಕೆಲಸಕ್ಕಿಂತ ಹೆಚ್ಚು ಖುಷಿಯಾದದ್ದು ಅಲ್ಲಿ ನೋಡಿದ ಒಂದು ಪುಟ್ಟ ಮನೆಯ ಫೋಟೋದಿಂದ. ಒಂದೇ ಕೋಣೆ, ಒಂದೇ ಬಚ್ಚಲು, ನನಗೊಬ್ಬಳಿಗೆ. ಆದರೆ ಅಲ್ಲಿನ ಬಾಡಿಗೆಮನೆ ಏಜೆಂಟ್ ಇಲ್ಲಿನ ಏಜೆಂಟರಿಂದ ಬಾಡಿಗೆದಾರಳ ಬಗ್ಗೆ ಒಳ್ಳೆಯ ಮಾತು ಬಂದರೆ ಮಾತ್ರ ಕೊಡುತ್ತೇನೆಂದರು. ಇಲ್ಲಿನ ಏಜೆಂಟ್ ಗುರುವಾರ ಬೆಳಿಗ್ಗೆ ಫ್ಲಾಟ್ ನೋಡಲು ಬರುವವರಿದ್ದರು, ನೋಡಿದ ಮೇಲೆ ಬರೆದು ಕಳಿಸುತ್ತೇನೆ ಎಂದಿದ್ದರು. ಬಾಡಿಗೆ ಕರಾರಿನ ಲೀಸ್ ನನ್ನ ಹೆಸರಿನಲ್ಲಿತ್ತು. ಅಂದರೆ ಗೋಡೆಯ ಕೂದಲೂ ಸಿಂಕಿನ ಯೂನಿಫಾರ್ಮೂ ಆ ಒಂದು ದಿನದ ಮಟ್ಟಿಗೆ ನನ್ನವೇ.

ಬುಧವಾರ ಸಂಜೆ ಮೂವರೂ ಗ್ಲೌಸ್ ಹಾಕಿಕೊಂಡೆವು. ಗ್ಲೌಸ್ ನರ್ಸ್ ತಂದದ್ದು. ಸೋಫಾದ ದಿಂಬೆತ್ತಿದರೆ ಉಗುರುಗಳ ಬೀಡು. ಮೋರಿಯ ಜಾಲರಿ ಎತ್ತಿ ತಂತಿ ಹಾಕಿ ಎಳೆದಾಗ ಬಂದದ್ದು ಬೂದು ಬಣ್ಣದ, ಲೋಳೆ ಸುತ್ತಿಕೊಂಡ, ಇಲಿಯ ಗಾತ್ರದ ಒಂದು ಉಂಡೆ. ನಾತಕ್ಕೆ ನನಗೆ ವಾಕರಿಕೆ ಬಂತು. ತಂಗಿ ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

ಎಲ್ಲ ತಿಕ್ಕಿ ಮುಗಿದ ಮೇಲೂ ಅಡುಗೆಮನೆಯಲ್ಲಿ ಒಂದು ಹುಳಿ ವಾಸನೆ ಉಳಿದೇ ಇತ್ತು. ನರ್ಸ್ ಕಳೆದ ವಾರ ಹುರಿದ ಒಣಮೀನಿನದೇ ಎಂದು ನಾನು ಖಚಿತವಾಗಿ ಹೇಳಿದೆ. ಅವಳು ಒಂದೊಂದೇ ಬೀರು ತೆಗೆದು ಮೂಸುತ್ತಾ ಹೋಗಿ, ಮೇಲಿನ ಮೂಲೆಯದರ ಮುಂದೆ ನಿಂತಳು. ನಾನು ಪ್ರತಿ ಶನಿವಾರ ದೋಸೆ ಹಿಟ್ಟು ಹುದುಗಲು ಇಡುತ್ತಿದ್ದ ಜಾಗ. ಬ್ರಿಸ್ಬೇನಿನ ಸೆಕೆಗೆ ಹಿಟ್ಟು ಯಾವತ್ತೋ ಉಕ್ಕಿ, ಹಲಗೆಯ ಹಿಂದೆ ಸೋರಿ, ಗೋಡೆಯುದ್ದಕ್ಕೂ ಇಳಿದು, ಹಳದಿಯಾಗಿ ಒಣಗಿ ಬೂಷ್ಟು ಹಿಡಿದಿತ್ತು.

"ಇದು ಯಾರ ಎಂಜಲು ಮಾರಾಯ್ತಿ?" ಎಂದಳು.

ನಾನು ಸ್ಕ್ರಬ್ಬರ್ ತೆಗೆದುಕೊಂಡೆ. ಹಲಗೆ ಬಿಳಿಯಾಯಿತು, ಮರಕ್ಕೆ ಹಿಡಿದ ವಾಸನೆ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಎದ್ದಾಗಲೂ ಅದು ಅಲ್ಲೇ ಇತ್ತು. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಅಷ್ಟಕ್ಕೆ ಯಾಕೆ ಅಳ್ತೀಯೆ? ಕಿಟಕಿ ಹಾಕಿ ಸಾಂಬ್ರಾಣಿ ಹಾಕು. ಯಾರು ಬಂದರೂ ಮನೆ ಘಮ್ ಅನ್ನಬೇಕು."

ಇಂಡಿಯನ್ ಅಂಗಡಿಯಲ್ಲಿ ತಂದ, ಬಟ್ಟಲಿನ ಆಕಾರದ ಸಾಂಬ್ರಾಣಿಯ ಒಂದು ಪೊಟ್ಟಣ ನನ್ನಲ್ಲಿತ್ತು. ಆ ಮನೆಯಲ್ಲಿ ನಾನು ಹೇಳಿದ್ದಕ್ಕೆ ನರ್ಸ್ ಮರುಮಾತಿಲ್ಲದೆ ಒಪ್ಪಿದ್ದು ಅದೊಂದೇ ವಿಷಯ. "ನಮ್ಮ ಇಗರ್ಜಿಯಲ್ಲೂ ಹಾಕ್ತಾರೆ ಧೂಪ. ಒಳ್ಳೇದು, ಹಾಕು," ಎಂದಳು. ತಂಗಿ ಮಾತ್ರ ಚಾವಣಿಯತ್ತ ಬೆರಳು ತೋರಿಸಿ, "ಗೈಸ್, ಸ್ಮೋಕ್ ಅಲಾರ್ಮ್!" ಎಂದಳು. ಅದು ಕೂಗಿಕೊಂಡರೆ ಏನು ಗತಿ? ನರ್ಸ್ ಕುರ್ಚಿ ಹತ್ತಿ, ತನ್ನ ಷವರ್ ಕ್ಯಾಪನ್ನು ಅಲಾರ್ಮಿನ ಮೇಲೆ ಎಳೆದು ಕೂರಿಸಿದಳು. ಗುಲಾಬಿ ಬಣ್ಣದ, ಬಾತುಕೋಳಿ ಚಿತ್ರದ ಕ್ಯಾಪ್.

ಸಾಂಬ್ರಾಣಿ ಹಚ್ಚಿದೆ. ಹೊಗೆ ಮೂಲೆ ಮೂಲೆಗೂ ಹೋಯಿತು. ಕಣ್ಣು ಉರಿದರೂ ಮನಸ್ಸಿಗೆ ಹಿತವಾಯಿತು. ಇದೀಗ ಮನೆ ಶುದ್ಧವಾಯಿತು ಅನ್ನಿಸಿತು. ಹೊಗೆ ತಿಳಿಯಾಗುವಷ್ಟರಲ್ಲಿ, ಹೇಳಿದ್ದಕ್ಕಿಂತ ಮುಂಚೆಯೇ, ಬಾಗಿಲು ತಟ್ಟಿದ ಸದ್ದು.

ಏಜೆಂಟ್ ನಡುವಯಸ್ಸಿನ ಹೆಂಗಸು, ಇಸ್ತ್ರಿ ಮಾಡಿದ ಕೆನೆಬಣ್ಣದ ಕೋಟು. ಒಳಗೆ ಒಂದು ಹೆಜ್ಜೆ ಇಟ್ಟವಳೇ ನಿಂತಳು. ಮೂಗಿನ ಎರಡೂ ಬದಿ ಸುಕ್ಕುಗಟ್ಟಿತು, ಮೇಲ್ತುಟಿ ಸ್ವಲ್ಪ ಎದ್ದಿತು. ಏನಿದು ವಾಸನೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿ ಕಿಟಕಿಗಳನ್ನು ಒಂದೊಂದಾಗಿ ತೆರೆದಳು. ನನ್ನ ಕಿವಿ ಬಿಸಿಯಾಯಿತು. ನಮ್ಮ ದೇವರಮನೆಯ ಪರಿಮಳವನ್ನು ಅವಳು ಸತ್ತ ಇಲಿಯನ್ನು ಮೂಸಿದ ಹಾಗೆ ಮೂಸುತ್ತಿದ್ದಳು. ಎಷ್ಟು ಅಸಹ್ಯವಾಯಿತೆಂದರೆ, ಬಾಯಿಬಿಟ್ಟು ಏನಾದರೂ ಅಂದುಬಿಡುತ್ತಿದ್ದೆ. ಅಡಿಲೇಡಿನ ಮನೆ ನೆನಪಾಗಿ ಸುಮ್ಮನಾದೆ.

ಬಚ್ಚಲು ನೋಡಿದಳು, ತಲೆಯಾಡಿಸಿದಳು. ಸಿಂಕ್, ಒಲೆ, ಬೀರು ನೋಡಿದಳು. ಆಮೇಲೆ ಚಾವಣಿ ನೋಡಿದಳು. ಕ್ಯಾಪ್ ತೆಗೆಯುವುದನ್ನು ಮೂವರೂ ಮರೆತಿದ್ದೆವು.

ಅಲಾರ್ಮ್ ಮುಚ್ಚುವುದು ಕಾನೂನಿಗೆ ವಿರುದ್ಧ ಎಂದು ಗೊತ್ತೇ ಎಂದಳು. ತಾನೇ ಕುರ್ಚಿ ಹತ್ತಿ ಕ್ಯಾಪನ್ನು ಎಳೆದಳು. ಅದರೊಳಗೆ ಸಿಕ್ಕಿಕೊಂಡಿದ್ದ ನರ್ಸಿನ ಉದ್ದನೆಯ ಕೂದಲುಗಳು ಗಾಳಿಯಲ್ಲಿ ತೇಲಿ, ಅವಳ ಕೆನೆಬಣ್ಣದ ತೋಳಿನ ಮೇಲೆ ಇಳಿದವು. ಅವಳು ಕೈಯನ್ನು ಮೈಯಿಂದ ದೂರ ಚಾಚಿ, ಇನ್ನೊಂದು ಕೈಯ ಎರಡೇ ಬೆರಳ ತುದಿಯಿಂದ, ಉಸಿರು ಬಿಗಿಹಿಡಿದು, ಒಂದೊಂದೇ ಕೂದಲನ್ನು ಎತ್ತಿ ಕೆಳಗೆ ಬಿಟ್ಟಳು.

ಹಿಂದಿನಿಂದ ನರ್ಸ್ ನನಗೆ ಮೆಲ್ಲಗೆ, ಕನ್ನಡದಲ್ಲಿ ಹೇಳಿದಳು: "ನಿನ್ನ ಅಕ್ಕ ಬಂದಿದ್ದಾಳೆ ನೋಡು. ಮುಖ ಸಹ ನಿಂದೇ."

ತಂಗಿ ಕೆಮ್ಮಿದ ಹಾಗೆ ಮಾಡಿ ನಗು ಮುಚ್ಚಿಕೊಂಡಳು. ನಾನು ಆ ಮುಖ ನೋಡಿದೆ. ಸುಕ್ಕುಗಟ್ಟಿದ ಮೂಗು, ಎದ್ದ ತುಟಿ. ಇಷ್ಟು ಕಾಲ ಷವರಿನಿಂದ ಹೊರಬರುವಾಗ ಇವರಿಬ್ಬರೂ ನೋಡುತ್ತಾ ಬಂದದ್ದು ಇದನ್ನೇ ಇರಬೇಕು. ಚೆನ್ನಾಗಿರಲಿಲ್ಲ ಆ ಮುಖ.

ಇದನ್ನು ಮುಚ್ಚಿದ್ದು ಯಾರು ಎಂದು ಏಜೆಂಟ್ ಕೇಳಿದಳು.

ಲೀಸ್ ನನ್ನದು, ಹೊಗೆ ಹಾಕಿದ್ದೂ ನಾನು ಎಂದೆ. ಅಷ್ಟರಲ್ಲಿ ನರ್ಸ್ ಮುಂದೆ ಬಂದು, ಕ್ಯಾಪ್ ನನ್ನದು, ಹಾಕಿದ್ದು ನಾನು, ಇವಳು ಅಡಿಲೇಡಿಗೆ ಹೋಗುವವಳು, ಇವಳದು ಕೆಡಿಸಬೇಡಿ ಎಂದು ನೇರವಾಗಿ ಹೇಳಿಬಿಟ್ಟಳು. ತಂಗಿ ಸಾಂಬ್ರಾಣಿ ಎಂದರೇನು, ಯಾಕೆ ಹಾಕುತ್ತಾರೆ ಎಂದು ಇಲ್ಲಿಯವರದೇ ಉಚ್ಚಾರಣೆಯಲ್ಲಿ ಬಿಡಿಸಿ ಹೇಳಿದಳು. ಅವಳು ಹೇಳಿದ ರೀತಿಗೆ ಏಜೆಂಟಿನ ತುಟಿ ಕೆಳಗಿಳಿಯಿತು, ಮೂಗು ಇಳಿಯಲಿಲ್ಲ. ಅಲಾರ್ಮಿನ ಗುಂಡಿ ಒತ್ತಿ ಅದು ಕೂಗುವುದನ್ನು ಕೇಳಿಸಿಕೊಂಡು, ಟ್ಯಾಬಿನಲ್ಲಿ ಏನೋ ಬರೆದುಕೊಂಡು ಹೊರಟಳು.

ಸೋಮವಾರ ಅವಳು ಬರೆದದ್ದರ ಪ್ರತಿ ಬಂತು. ಮನೆ ಚೊಕ್ಕಟ, ಅಲಾರ್ಮಿನ ಮೇಲೆ ಹೊದಿಕೆ ಕಂಡಿತ್ತು, ಜೊತೆಯಲ್ಲಿರುವವರು ಒಪ್ಪಿಕೊಂಡರು, ಆಗಲೇ ಸರಿಪಡಿಸಲಾಯಿತು. ಅಡಿಲೇಡಿನವರಿಗೆ ಅಷ್ಟು ಸಾಕಾಯಿತು. ಹೊರಡುವ ದಿನ ನರ್ಸ್ ಸಾರು ಮಾಡಿದಳು. ಸೌಟು ನೆಕ್ಕಿ, ನನ್ನ ಮುಖ ನೋಡಿ, ಬೇಕೆಂದೇ ಇನ್ನೊಂದು ಸಲ ನೆಕ್ಕಿದಳು. ನಾನು ಉಂಡೆ. ತುತ್ತಿಗೊಂದು ಗುಟುಕು ನೀರು ಕುಡಿದು, ಪೂರ್ತಿ ಉಂಡೆ.

ಈಗ ಅಡಿಲೇಡಿನಲ್ಲಿದ್ದೇನೆ. ಸಿಂಕ್ ನನ್ನದು, ಸೌಟು ನನ್ನದು. ಹಾಲಿನ ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಹುಯ್ದುಕೊಳ್ಳುತ್ತೇನೆ, ಬೇರೆ ಯಾರೂ ಕುಡಿಯುವುದಿಲ್ಲ ಎಂದು ಗೊತ್ತಿದ್ದೂ. ದಿನಚರಿಯ ಅಂಚು ಖಾಲಿ. ಹೋದ ಶನಿವಾರ ಷವರಿನ ನೀರು ಇಳಿಯದೆ ನಿಂತಿತು. ಜಾಲರಿ ಎತ್ತಿ ತಂತಿ ಹಾಕಿ ಎಳೆದೆ. ಅದೇ ಬೂದು ಬಣ್ಣ, ಅದೇ ಲೋಳೆ, ಅದೇ ನಾತ. ಈ ಮನೆಯಲ್ಲಿ ಸ್ನಾನ ಮಾಡಿದವಳು ನಾನೊಬ್ಬಳೇ. ಅದರಿಂದ ವಾಕರಿಕೆಯೇನೂ ಕಡಿಮೆಯಾಗಲಿಲ್ಲ.

ಫೋಟೋ ತೆಗೆದು ಇಬ್ಬರಿಗೂ ಕಳಿಸಿದೆ. ತಂಗಿಯಿಂದ ತಕ್ಷಣ ಫೋನ್ ಬಂತು. ಪಕ್ಕದಲ್ಲಿ ನರ್ಸ್ ಜೋರಾಗಿ ನಗುತ್ತಿರುವುದು ಕೇಳಿಸುತ್ತಿತ್ತು.

"ಅಕ್ಕಾ, ಟೋಲ್ಡ್ ಯು! ಗೋಡೆಗೆ ಅಂಟಿಸು!" ಎಂದಳು, ಕೊನೆಯ ಮಾತು ಕನ್ನಡದಲ್ಲೇ.

ಅಂಟಿಸಲಿಲ್ಲ. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ, ಬಿಸಿನೀರಿನಲ್ಲಿ ಕೈ ತೊಳೆದು, ಮತ್ತೊಮ್ಮೆ ತೊಳೆದೆ. ಫೋನನ್ನು ಮಾತ್ರ ಕಟ್ ಮಾಡಲಿಲ್ಲ, ಸ್ಪೀಕರಿಗೆ ಹಾಕಿ ಸಿಂಕಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.