ಕೊಡ ಇಳಿಸುತ್ತಿದ್ದ ಕಲ್ಲು

ನೆನೆಹಾಕಿದ ಹುಣಸೆಹಣ್ಣಿನ ವಾಸನೆ ಬಂದರೆ ನನಗೆ ಸಾರು ನೆನಪಾಗುವುದಿಲ್ಲ, ಬಾದಾಮಿಯ ನಮ್ಮ ಮನೆಯ ಹೊರಗೋಡೆ ನೆನಪಾಗುತ್ತದೆ. ನಿಮಗೂ ಅಂಥದ್ದೊಂದು ಗೋಡೆ ಇದ್ದೀತು. ನಮ್ಮದು ಕೆಂಪು ಕಲ್ಲಿನ ಮನೆ. ತಲೆಬಾಗಿಲ ಪಕ್ಕ ಒಂದು ಕಲ್ಲು ಗೇಣುದ್ದ ಮುಂದಕ್ಕೆ ಚಾಚಿಕೊಂಡಿತ್ತು. ಬಾವಿಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದ ಅವ್ವ, ಚಿಲಕ ತೆಗೆಯಲು ಕೈ ಬೇಕೆಂದು ಸೊಂಟದ ಕೊಡವನ್ನು ಆ ಕಲ್ಲಿನ ಮೇಲೆ ಇಳಿಸುತ್ತಿದ್ದಳು. ಇಳಿಸಿದಾಗಲೆಲ್ಲ ಒಂದಿಷ್ಟು ನೀರು ತುಳುಕಿ ಗೋಡೆಗುಂಟ ಹರಿಯುತ್ತಿತ್ತು. ಸವಳು ಬಾವಿಯ ನೀರು. ಆರಿದರೆ ಉಪ್ಪು ಉಳಿಯುತ್ತಿತ್ತು. ವರ್ಷಗಟ್ಟಲೆ ಹಾಗೆ ಹರಿದು ನೆಲದವರೆಗೂ ಬೆಳ್ಳನೆಯ ಪಟ್ಟೆ ಕಟ್ಟಿತ್ತು.

ಅಪ್ಪನ ತಾಯಿ, ಅಂದರೆ ನಮ್ಮ ಆಯಿಗೆ, ಅದನ್ನು ಕಂಡರಾಗುತ್ತಿರಲಿಲ್ಲ. "ಹಾದಿ ಮ್ಯಾಲ ಹೋಗೋರು ಮೊದಲ ಅದನ್ನ ನೋಡ್ತಾರ. ಒಂದೀಟ ಕೆಳಗ ಇಳಿಸಾಕ ಏನಾಗೈತಿ ನಿನಗ?" ಅವ್ವನೂ ಸುಮ್ಮನಿರುವವಳಲ್ಲ. "ನೀವ ಬಂದ ಚಿಲಕ ತಗೀರಿ ಅತ್ತಿ, ಒಂದ ಹನಿ ಚೆಲ್ಲೂದಿಲ್ಲ" ಎನ್ನುತ್ತಿದ್ದಳು. ಪ್ರತಿ ಯುಗಾದಿಗೆ ಆಯಿ ನೀರು ಸುರಿದು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಒದ್ದೆಯಿರುವಷ್ಟು ಹೊತ್ತು ಕಲೆ ಕಾಣುತ್ತಿರಲಿಲ್ಲ. ಗೆದ್ದೆನೆಂದು ಒಳಗೆ ಹೋಗಿ ಹೂರಣ ರುಬ್ಬಿ ಬರುವಷ್ಟರಲ್ಲಿ ಒಣಗಿ ಮತ್ತೆ ಬೆಳ್ಳಗಾಗಿರುತ್ತಿತ್ತು. ತಿಕ್ಕಿದ್ದೂ ಸವಳು ನೀರಿನಿಂದಲೇ ಅಲ್ಲವೇ. ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ, ನನಗೆ ಹತ್ತು ವರ್ಷವಿದ್ದಾಗ, ಒಂದು ಮಳೆಗಾಲದ ಜ್ವರದಲ್ಲಿ ಅವ್ವ ಹೋದಳು. ಆಯಿಯ ಮಾತೇ ನಿಂತುಹೋಯಿತು. ಯುಗಾದಿ ಬಂದರೂ ನಾರು ಹಿಡಿಯಲಿಲ್ಲ. ಅವಳ ಮನಸ್ಸು ಒಂದಿಷ್ಟು ಹಗುರಾಗಲಿ ಎಂಬುದಷ್ಟೇ ನನ್ನ ಆಸೆ. ಆ ಕಲೆ ತೆಗೆಯುವುದು ಹೇಗೆಂದು ಕಲ್ಲುಕೆಲಸದ ಗೌಂಡಿ, ಪಕ್ಕದ ಮನೆಯ ಕಾಕಾನನ್ನು ಕೇಳಿದೆ. "ಮೊದಲ ಒಣಾ ನಾರಿಲೆ ಉಜ್ಜು. ಆಮ್ಯಾಲ ಹುಣಸಿಹಣ್ಣ ಗಟ್ಟಿಯಾಗಿ ಬಳದು ಹಸಿ ಗೋಣಿತಟ್ಟ ಹೊಚ್ಚು. ತೊಳಿಯೂದು ಮಾತ್ರ ಸೀ ನೀರಿಲೆ" ಎಂದ.

ಆಯಿ ಹೊಲಕ್ಕೆ ಹೋದ ದಿನ ಹಾಗೇ ಮಾಡಿದೆ. ಡಬ್ಬಿಯ ಹುಣಸೆಯೆಲ್ಲ ಖಾಲಿಯಾಯಿತು, ಉಗುರುಸಂದಿ ಉರಿಯಿತು. ದೂರದ ಹೊಂಡದಿಂದ ಸಿಹಿನೀರು ತಂದು ತೊಳೆದು ಮುಗಿಸುವಾಗ ಆಯಿ ಬಂದಳು. ಬುಟ್ಟಿ ಇಳಿಸಿ ಎದುರಿನ ಕಟ್ಟೆಯ ಮೇಲೆ ಕುಳಿತಳು.

"ಆಯಿ, ಹೋತು ನೋಡು" ಎಂದೆ.

"ಒಣಗಲಿ ತಡಿ" ಎಂದಳು. "ಬರ್ತೈತಿ."

ಗೋಡೆ ಮೇಲಿನಿಂದ ಒಣಗುತ್ತ ಬಂತು. ಆಯಿ ಕಣ್ಣು ಕೀಳಲಿಲ್ಲ. ಕಲೆ ಮತ್ತೆ ಬರಲೆಂದೇ ಅವಳು ಕಾಯುತ್ತಿದ್ದಾಳೆಂದು ಆಗ ನನಗೆ ಹೊಳೆಯಿತು. ನೆಲದವರೆಗೂ ಒಣಗಿತು. ಬರೀ ಕೆಂಪು ಕಲ್ಲು. "ಛಲೋ ತಿಕ್ಕೀದಿ ತಂಗಿ" ಎಂದು ತಲೆ ಸವರಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಅವ್ವ ಹೋದ ಮೇಲೆ ನೀರು ತರುತ್ತಿದ್ದವಳು ನಾನು. ಮರುದಿನ ಆಯಿ ನನ್ನನ್ನು ಕಳಿಸದೆ ತಾನೇ ಬಾವಿಗೆ ಹೋದಳು. ಬಾಗಿಲು ತೆರೆದೇ ಇತ್ತು, ಕೊಡ ಇಸಿದುಕೊಳ್ಳಲು ನಾನು ಹೊಸ್ತಿಲಲ್ಲೇ ನಿಂತಿದ್ದೆ. ಆದರೂ ಅವಳು ಸೊಂಟದ ಕೊಡವನ್ನು ಆ ಕಲ್ಲಿನ ಮೇಲೆ ಇಳಿಸಿದಳು, ನೀರು ತುಳುಕುವ ಹಾಗೆ. ದಿನವೂ ಇಳಿಸಿದಳು.

ಈಗ ಆಯಿ ಇಲ್ಲ. ರಸ್ತೆ ಅಗಲವಾದಾಗ ಆ ಗೋಡೆಯೂ ಹೋಯಿತು. ಅದಕ್ಕೂ ಎಷ್ಟೋ ಮೊದಲು, ನಾನು ಮದುವೆಯಾಗಿ ಇಳಕಲ್ಲಿಗೆ ಹೊರಡುವ ಹೊತ್ತಿಗೆ, ಆ ಕಲ್ಲಿನ ಕೆಳಗೆ ತೆಳ್ಳಗೆ ಒಂದು ಬಿಳಿ ಗೆರೆ ಮೂಡಿತ್ತು. ಅದಕ್ಕೆ ನಾನು ಎಂದೂ ನಾರು ಮುಟ್ಟಿಸಲಿಲ್ಲ.